ಅಡುಗೆಮನೆಗೆ ಬಂದ ಸುದ್ದಿ



ದೇಶದಲ್ಲಿ ಏನೇ ನಡೆದಿರಲಿ, ನಮ್ಮ ಸಿಂದಗಿ ಸೀಮೆಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ನಳಕ್ಕೆ ನೀರು ಬರುವ ದಿನವಾದರೆ ಅದರ ಜೊತೆ ಕೊಡಗಳ ಗದ್ದಲ. ರೇಡಿಯೋ ತನ್ನ ಪಾಡಿಗೆ ವಾರ್ತೆ ಹೇಳುತ್ತಿರುತ್ತದೆ. ಸರ್ಕಾರ ಬಿತ್ತೆಂದರೂ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುವ ಕೈ ನಿಲ್ಲುವುದಿಲ್ಲ. ಇದನ್ನು ಉದಾಸೀನವೆಂದು ನಾನು ಕರೆಯಲಾರೆ. ಹೊಲಕ್ಕೆ ಬುತ್ತಿ ಹೋಗಬೇಕು, ಮಕ್ಕಳು ಉಂಡು ಹೊರಡಬೇಕು.

2024ರ ಏಪ್ರಿಲ್ 3, ಬುಧವಾರ. ಅದೂ ಅಂಥದೇ ದಿನ. ಯುಗಾದಿ ಇನ್ನೊಂದು ವಾರವೂ ಇರಲಿಲ್ಲ. ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ ಒಣಗುತ್ತಿದ್ದವು. ಅಂದು ಬೆಳಿಗ್ಗೆ ತೈವಾನಿನಲ್ಲಿ ದೊಡ್ಡ ಭೂಕಂಪವಾಗಿತ್ತು. ನಮ್ಮ ರಾಜ್ಯದಲ್ಲಿ ಲೋಕಸಭೆ ಚುನಾವಣೆಯ ನಾಮಪತ್ರದ ಭರಾಟೆ. ಎರಡೂ ಸುದ್ದಿ ಕಿವಿಗೆ ಬಿದ್ದು ಹಾಗೇ ಹೋದವು. ಸಂಜೆ ಲಚ್ಯಾಣದಿಂದ ಬಂದ ಸುದ್ದಿ ಮಾತ್ರ ನೆಟ್ಟಗೆ ಅಡುಗೆಮನೆಗೇ ಬಂತು. ನಮ್ಮ ವಿಜಯಪುರ ಜಿಲ್ಲೆಯದೇ ಇಂಡಿ ತಾಲ್ಲೂಕಿನ ಆ ಊರಲ್ಲಿ, ಎರಡು ವರ್ಷವೂ ತುಂಬದ ಗಂಡುಕೂಸು ಹೊಲದಲ್ಲಿದ್ದ ಹೊಸ ಕೊಳವೆಬಾವಿಗೆ ಬಿದ್ದಿತ್ತು.

ಅಂದು ರಾತ್ರಿ ಬಡಿಸಿಟ್ಟ ಅನ್ನ ತಣ್ಣಗಾಯಿತು. ತಾಯಂದಿರು ಮಲಗಿದ್ದ ತಮ್ಮ ಮಕ್ಕಳನ್ನು ಎದ್ದೆದ್ದು ನೋಡಿದರು. ತೈವಾನಿನಲ್ಲೂ ತಾಯಂದಿರಿದ್ದಾರೆ, ಅವರ ಸಂಕಟವೂ ಸಣ್ಣದಲ್ಲ. ಆದರೆ ಆ ಹೊಲ, ಆ ಕೆಂಪು ಬಿಸಿಲು, ಕೆಲಸದ ನಡುವೆ ಮಗು ಕಣ್ಣು ತಪ್ಪಿಸಿ ಓಡುವ ಆ ಒಂದು ಗಳಿಗೆ ನಮಗೆಲ್ಲ ಗೊತ್ತಿದ್ದದ್ದು. ನಮ್ಮ ಮನೆಯಲ್ಲೂ ಆಗಬಹುದಾಗಿದ್ದದ್ದು.

ಕೂಸು ತಲೆಕೆಳಗಾಗಿ, ಸುಮಾರು 16 ಅಡಿ ಆಳದಲ್ಲಿ ಸಿಕ್ಕಿಕೊಂಡಿತ್ತು. ಕೊಳವೆಯೊಳಗೆ ಇಳಿಬಿಟ್ಟ ಕ್ಯಾಮೆರಾದಲ್ಲಿ ಪುಟ್ಟ ಕಾಲು ಅಲುಗಿದ್ದು ಕಂಡಿತು. ಆಮ್ಲಜನಕ ಬಿಟ್ಟು, ರಾಷ್ಟ್ರೀಯ ಮತ್ತು ರಾಜ್ಯ ವಿಪತ್ತು ಪಡೆಗಳವರು ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡತೊಡಗಿದರು. ಹಿಟಾಚಿಗೆ ಬಂಡೆ ಅಡ್ಡ ಬಂತು. ಜೋರಾಗಿ ಒಡೆದರೆ ಅದುರಿಗೆ ಮಣ್ಣು ಕೂಸಿನ ಮೇಲೆ ಕುಸಿಯುವ ಭಯ, ಮೆಲ್ಲಗೆ ಒಡೆದರೆ ಹೊತ್ತು ಮೀರುವ ಭಯ. ಆ ಎರಡು ಭಯದ ನಡುವೆ ಇಡೀ ರಾತ್ರಿ ದುಡಿದ ಆ ಕೈಗಳಿಗೆ ಈ ಜಿಲ್ಲೆ ಎಂದೆಂದೂ ಋಣಿ. ಸುಮಾರು 20 ತಾಸಿನ ಮೇಲೆ, ಗುರುವಾರ ಮಧ್ಯಾಹ್ನ, ಕೂಸು ಜೀವಂತವಾಗಿ ಹೊರಗೆ ಬಂತು.

ಎಲ್ಲ ಕೂಸುಗಳೂ ಹಾಗೆ ಬಂದಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, 2014ರ ಜೂನ್‌ನಲ್ಲಿ, ಇದೇ ಜಿಲ್ಲೆಯ ನಾಗಠಾಣದಲ್ಲಿ ನಾಲ್ಕು ವರ್ಷದ ಹುಡುಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಎರಡೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಒಬ್ಬ ಹುಡುಗ ಹೋದ. ಆಗಲೂ ಮನೆಮನೆಯಲ್ಲಿ ಕಣ್ಣೀರು ಬಂದಿತ್ತು. ಕಣ್ಣೀರು ಆರಿತು, ಕೊಳವೆಬಾವಿಗಳು ತೆರೆದೇ ಉಳಿದವು.

ಯಾಕೆ ಉಳಿಯುತ್ತವೆ? ಬರೀ ಅಸಡ್ಡೆ ಎಂದು ರೈತನನ್ನು ಬೈದು ಮುಗಿಸುವುದು ಅನ್ಯಾಯ. ಲಿಂಬೆ ಗಿಡ ಒಣಗುತ್ತಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಳ್ಳುವ ಸೀಮೆ ಇದು. ಸಾಲ ತಂದು ಬೋರು ಕೊರೆಸುತ್ತಾರೆ. ನೂರಾರು ಅಡಿ ಹೋದರೂ ಬರೀ ಧೂಳು. ಕೇಸಿಂಗ್ ಪೈಪಿಗಾದರೂ ಬೆಲೆ ಇದೆ ಎಂದು ಅದನ್ನು ಕಿತ್ತುಕೊಳ್ಳುತ್ತಾರೆ. ಉಳಿಯುವುದು ಒಂದು ತೂತು ಮತ್ತು ತೀರದ ಸಾಲ. ಆ ಕಡೆ ಮತ್ತೆ ತಿರುಗಿ ನೋಡಲು ಯಾರಿಗೆ ಮನಸ್ಸಾಗುತ್ತದೆ? ಆದರೆ ಮಗುವಿಗೆ ನಮ್ಮ ಸಾಲ ಗೊತ್ತಿಲ್ಲ, ತೂತು ಮಾತ್ರ ಕಾಣುತ್ತದೆ, ಒಮ್ಮೊಮ್ಮೆ ಅದೂ ಕಾಣುವುದಿಲ್ಲ.

ಕಾನೂನು ಮೌನವಾಗಿಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಬೋರು ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ತಂತಿ ಬೇಲಿ ಹಾಕಬೇಕು, ಕೇಸಿಂಗಿನ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸೆಯಬೇಕು, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಇಂಥ ನಿಯಮವನ್ನು ಹೊಲಕ್ಕೆ ಮುಟ್ಟಿಸುವುದು ಬರೀ ಅಧಿಕಾರಿಯಿಂದ ಆಗುವುದಲ್ಲ. ಆ ರಾತ್ರಿ ನಿದ್ದೆಗೆಟ್ಟ ಮನೆಗಳಿಂದ ಆಗಬೇಕು. ಹೊಲಕ್ಕೆ ಹೊರಟ ಗಂಡನಿಗೆ, ಮಗನಿಗೆ, ‘ಆ ಬೋರು ಮುಚ್ಚಿಸಿದಿರೇನು?’ ಎಂದು ಕೇಳುವ ಹಕ್ಕು ಮನೆಯ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಹೆಚ್ಚಾಗಿದೆ.

ಮಕ್ಕಳಿಗೆ ಸೂಟಿ ಬಂದರೆ ಅವರು ಅಜ್ಜನ ಹೊಲಕ್ಕೆ ಓಡುತ್ತಾರೆ. ನಿಮ್ಮ ಹೊಲದಲ್ಲಿ ಬಾಯಿ ತೆರೆದ ಕೊಳವೆಬಾವಿ ಇದ್ದರೆ ಇಂದೇ ಮುಚ್ಚಿಸಿ. ನೆರೆಯವರ ಹೊಲದಲ್ಲಿದ್ದರೆ ಅವರಿಗೆ ಹೇಳಿ. ಅವರು ಕೇಳದಿದ್ದರೆ ಗ್ರಾಮ ಪಂಚಾಯಿತಿಗೆ ತಿಳಿಸಿ.