ಒಗೆತದ ಲೆಕ್ಕ: ರೀಜೆನ್ಸಿ ಕಾಲದ ಕೊಲೆ ಮತ್ತು ಹೆಣ್ಣಿನ ಪತ್ತೇದಾರಿಕೆ



ಪತ್ತೇದಾರಿ ಕಾದಂಬರಿಗೂ ಒಂದು ದತ್ತಿ ಉಪನ್ಯಾಸವೇ ಎಂದು ಹುಬ್ಬೇರಿಸಿದವರು ಈ ಸಭೆಯಲ್ಲಿ ಇರಬಹುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿ ಓದಿ ಬೆಳೆದವರಿಗಂತೂ ನಾನು ಸಮಜಾಯಿಷಿ ಕೊಡಬೇಕಿಲ್ಲ. ಉಳಿದವರು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕು.

ಮೂರನೆಯ ಜಾರ್ಜ್ ದೊರೆಯ ಬುದ್ಧಿ ಕೆಟ್ಟು, ಮಗ ರಾಜಪ್ರತಿನಿಧಿಯಾಗಿ ಇಂಗ್ಲೆಂಡನ್ನು ಆಳಿದ 1811ರಿಂದ 1820ರವರೆಗಿನ ಕಾಲವನ್ನು ರೀಜೆನ್ಸಿ ಎನ್ನುತ್ತಾರೆ. ಆ ಕಾಲವನ್ನೂ ಅದರ ಆಸುಪಾಸಿನ ವರ್ಷಗಳನ್ನೂ ಹಿನ್ನೆಲೆಯಾಗಿಟ್ಟುಕೊಂಡ ಕೊಲೆಯ ಕಥೆಗಳು ಇಂಗ್ಲಿಷಿನಲ್ಲಿ ಇವತ್ತು ರಾಶಿಗಟ್ಟಲೆ ಬರುತ್ತಿವೆ. ಬಹುಪಾಲು ಕಥೆಗಳಲ್ಲಿ ರಹಸ್ಯ ಬಿಡಿಸುವವಳು ಒಬ್ಬ ಹೆಂಗಸು. ಆ ಕಾಲದ ಹೆಂಗಸು ಪತ್ತೇದಾರಿಕೆ ಮಾಡುವುದು ಹೇಗೆ ಸಾಧ್ಯ, ಇದೆಲ್ಲ ಇಂದಿನವರ ಆಸೆಯನ್ನು ಅಂದಿನವರ ಮೇಲೆ ಹೇರಿದ್ದಲ್ಲವೇ ಎಂಬ ಆಕ್ಷೇಪವಿದೆ. ಈ ಆಕ್ಷೇಪ ನನಗೆ ಅರ್ಧ ಮಾತ್ರ ಸರಿ ಎನಿಸುತ್ತದೆ.

ಏಕೆಂದರೆ ಆಗ ಪತ್ತೇದಾರಿಕೆಯೆಂಬ ಉದ್ಯೋಗವೇ ಗಟ್ಟಿಯಾಗಿ ನೆಲೆಯೂರಿರಲಿಲ್ಲ. ರಾಬರ್ಟ್ ಪೀಲ್ ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಕಟ್ಟಿದ್ದು 1829ರಲ್ಲಿ. ಅದಕ್ಕೊಂದು ಪತ್ತೇದಾರರ ವಿಭಾಗ ಸೇರಿದ್ದು 1842ರಲ್ಲಿ. 1829ಕ್ಕೆ ಮುಂಚೆ ಇದ್ದವನು ಲಾಂದ್ರ ಹಿಡಿದು ಬೀದಿ ಸುತ್ತುವ ರಾತ್ರಿ ಕಾವಲುಗಾರ. ಅವನಿಗಿಂತ ಮೇಲೆ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟರ ಕೈಕೆಳಗಿನ ಕೆಲವೇ ಅಧಿಕಾರಿಗಳು. ಆ ತಂಡವನ್ನು ಶುರುಮಾಡಿದವನು ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್. ದುಡ್ಡಿದ್ದವರು ಇವರನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳಬಹುದಿತ್ತು. ಮನೆಯಲ್ಲಿ ಕಳವಾದರೆ ಸಾಕ್ಷಿ ಹುಡುಕುವ, ಮೊಕದ್ದಮೆ ಹೂಡುವ, ಖರ್ಚು ಹೊರುವ ಪಾಡೆಲ್ಲ ಸಾಮಾನ್ಯವಾಗಿ ಕಳೆದುಕೊಂಡವರದೇ. ಹೀಗಿರುವಾಗ ಹವ್ಯಾಸಿಗಳಲ್ಲದೆ ಇನ್ನಾರು ಹುಡುಕಬೇಕಿತ್ತು?

ಕೋರ್ಟಿನಲ್ಲಾದರೋ ಹೆಣ್ಣಿಗೆ ಜಾಗವಿದ್ದದ್ದು ಹೆಚ್ಚಾಗಿ ಕಟಕಟೆಯಲ್ಲಿ, ಸಾಕ್ಷಿಯಾಗಿ ಇಲ್ಲವೇ ಆರೋಪಿಯಾಗಿ. ಇಂಗ್ಲೆಂಡಿನ ಹೆಂಗಸರಿಗೆ ಜ್ಯೂರಿಯ ಬಾಗಿಲು ತೆರೆದದ್ದು 1919ರ ಕಾಯಿದೆಯಿಂದ. ಜೇನ್ ಆಸ್ಟಿನ್‌ಳ ಸೋದರಮಾವನ ಹೆಂಡತಿ ಲೀ ಪೆರಟ್ ಎಂಬಾಕೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1799ರಲ್ಲಿ ಬಾತ್ ಪಟ್ಟಣದ ಅಂಗಡಿಯೊಂದರಲ್ಲಿ ಆಕೆ ಕಪ್ಪು ಲೇಸು ಕೊಂಡಳು. ಪೊಟ್ಟಣ ಬಿಚ್ಚಿದಾಗ ಜೊತೆಗೆ ಬಿಳಿ ಲೇಸೂ ಇತ್ತು. ಕಳ್ಳತನದ ಆರೋಪ ಬಂತು. ಲೇಸಿನ ಬೆಲೆ 20 ಶಿಲಿಂಗ್. ಅಷ್ಟು ಬೆಲೆಯ ಮಾಲು ಕದ್ದರೆ ಗಲ್ಲಿನವರೆಗೂ ಶಿಕ್ಷೆಯಿತ್ತು. ತಿಂಗಳುಗಟ್ಟಲೆ ಜೈಲರನ ಮನೆಯಲ್ಲಿ ಬಂಧನದಲ್ಲಿದ್ದು, 1800ರ ಮಾರ್ಚಿನಲ್ಲಿ ಟಾಂಟನ್ ನ್ಯಾಯಾಲಯದಲ್ಲಿ ಆಕೆ ಖುಲಾಸೆಯಾದಳು. ಇಂಥ ಮೊಕದ್ದಮೆಗಳಲ್ಲಿ ಆರೋಪಿಯ ವಕೀಲ ಜ್ಯೂರಿಯನ್ನು ಉದ್ದೇಶಿಸಿ ಮಾತಾಡುವಂತಿರಲಿಲ್ಲ. ಆ ಹಕ್ಕು ಬಂದದ್ದು 1836ರಲ್ಲಿ. ತಪ್ಪಿಲ್ಲವೆಂದು ಆಕೆಯೇ ಎದ್ದು ನಿಂತು ಹೇಳಬೇಕಾಯಿತು.

ಇನ್ನು ಹೆಣ್ಣು ಸಾಕ್ಷಿಯಾದ ಪ್ರಸಂಗಕ್ಕೆ, 1811ರ ಡಿಸೆಂಬರ್ 7ಕ್ಕೆ ಬರೋಣ. ಲಂಡನ್ನಿನ ಹಡಗುಕಟ್ಟೆಗೆ ಹತ್ತಿರದ ರಾಟ್‌ಕ್ಲಿಫ್ ಹೈವೇ. ಬಟ್ಟೆ ವ್ಯಾಪಾರಿ ಟಿಮೊಥಿ ಮಾರ್ ನಡುರಾತ್ರಿಯ ಹೊತ್ತಿಗೆ ಅಂಗಡಿ ಮುಚ್ಚುತ್ತ, ಕೆಲಸದ ಹುಡುಗಿ ಮಾರ್ಗರೆಟ್ ಜುವೆಲ್‌ಳನ್ನು ಸಿಂಪಿ ಮಾಂಸ ತರಲು ಕಳಿಸಿದ. ಹೋದಲ್ಲೆಲ್ಲ ಅಂಗಡಿ ಮುಚ್ಚಿತ್ತು. ಬರಿಗೈಲಿ ತಿರುಗಿ ಬಂದರೆ ಮನೆಯ ಬಾಗಿಲು ಹಾಕಿತ್ತು. ಗಂಟೆ ಎಳೆದಳು. ಒಳಗೆ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ, ಕೂಸಿನ ಒಂದು ಸಣ್ಣ ದನಿ. ಆಮೇಲೆ ಸದ್ದಿಲ್ಲ. ನೆರೆಮನೆಯವನು ಹಿತ್ತಲ ಗೋಡೆ ಹಾರಿ ಒಳಗೆ ಹೋಗಿ ನೋಡಿದಾಗ ಮಾರ್, ಅವನ ಹೆಂಡತಿ, ಹಸುಗೂಸು, ಅಂಗಡಿಯ ಹುಡುಗ ನಾಲ್ವರೂ ಸತ್ತು ಬಿದ್ದಿದ್ದರು. ಡಿಸೆಂಬರ್ 19ರಂದು ಹತ್ತಿರದ ಹೆಂಡದಂಗಡಿಯಲ್ಲಿ ಇನ್ನೂ ಮೂವರು ಕೊಲೆಯಾದರು.

ದೇಶವೇ ಬೆಚ್ಚಿತು. ಬಹುಮಾನ ಸಾರಿದರು, ಕಂಡಕಂಡವರನ್ನು ಹಿಡಿದು ತಂದರು. ಕೊಲೆಗೆ ಬಳಸಿದ ದೊಡ್ಡ ಸುತ್ತಿಗೆ ಮಾರ್‌ನ ಮನೆಯಲ್ಲೇ ಸಿಕ್ಕಿತ್ತು. ಅದರ ಮೇಲೆ ಕೆತ್ತಿದ್ದ ಎರಡು ಅಕ್ಷರಗಳು ಮ್ಯಾಜಿಸ್ಟ್ರೇಟರ ಕಣ್ಣಿಗೆ ಬೀಳಲು ದಿನಗಳೇ ಹಿಡಿದವು! ಆ ಸುತ್ತಿಗೆ ಒಂದು ವಸತಿಗೃಹದಲ್ಲಿ ನಾವಿಕನೊಬ್ಬ ಬಿಟ್ಟುಹೋದ ಪೆಟ್ಟಿಗೆಯದು ಎಂಬ ಸುಳಿವು ಸಿಕ್ಕಿದ್ದು ಆ ವಸತಿಗೃಹದ ಒಡತಿ ವರ್ಮಿಲೋಳ ಮನೆಯವರಿಂದ. ಅಲ್ಲೇ ತಂಗಿದ್ದ ಜಾನ್ ವಿಲಿಯಮ್ಸ್‌ನ ಅಂಗಿ ಹರಿದಿತ್ತು, ರಕ್ತದ ಕಲೆಯಿತ್ತು ಎಂದು ಹೇಳಿದವಳು ಅವನ ಬಟ್ಟೆ ಒಗೆಯುತ್ತಿದ್ದ ಮೇರಿ ರೈಸ್. ವಿಚಾರಣೆ ಮುಗಿಯುವ ಮುನ್ನವೇ ವಿಲಿಯಮ್ಸ್ ಜೈಲಿನಲ್ಲಿ ನೇಣು ಹಾಕಿಕೊಂಡ. ಅವನೇ ಕೊಂದನೇ ಎಂಬುದರ ಬಗ್ಗೆ ಪತ್ತೇದಾರಿ ಕಾದಂಬರಿಕಾರ್ತಿ ಪಿ. ಡಿ. ಜೇಮ್ಸ್ ಮತ್ತು ಇತಿಹಾಸಕಾರ ಕ್ರಿಚ್ಲಿ 1971ರಲ್ಲಿ ಒಂದು ಪುಸ್ತಕವನ್ನೇ ಬರೆದು ಬಲವಾದ ಸಂಶಯ ಎತ್ತಿದರು.

ನನ್ನ ವಾದ ಇಲ್ಲಿದೆ. ಸದ್ದು ಕೇಳಿದವಳು ಕೆಲಸದವಳು, ಅಂಗಿಯ ಕಲೆ ನೋಡಿದವಳು ಒಗೆಯುವವಳು. ಅಂದಿನ ಪತ್ತೇದಾರಿಕೆಯ ಮೂಲಸಾಮಗ್ರಿಯೆಲ್ಲ ಮನೆಗೆಲಸದ ಹೆಂಗಸರ ಕಣ್ಣು ಕಿವಿಗಳಲ್ಲಿತ್ತು. ಮ್ಯಾಜಿಸ್ಟ್ರೇಟರು ಕೇಳಿದಷ್ಟಕ್ಕೆ ಅವರು ಉತ್ತರ ಕೊಟ್ಟರು. ನಿಮಗೇನು ಅನ್ನಿಸುತ್ತದೆ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಇಂದಿನ ಕಾದಂಬರಿಕಾರರು ಈ ಕಣ್ಣು ಕಿವಿಗಳನ್ನು ಎತ್ತಿ ಸಿರಿವಂತ ಮನೆಯ ಹೆಣ್ಣಿಗೆ ಕೊಟ್ಟುಬಿಟ್ಟಿದ್ದಾರೆ. ಅಸಂಭವ ಇರುವುದು ಅಲ್ಲಿ.

ಜೇನ್ ಆಸ್ಟಿನ್‌ಗೆ ಒಗೆತದ ಬಟ್ಟೆಯಲ್ಲಿ ಸುಳಿವಿರುತ್ತದೆಂದು ಗೊತ್ತಿತ್ತೇನೋ. ಅವಳು ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ ಹೊರಬಂದ ‘ನಾರ್ತ್ಯಾಂಗರ್ ಆಬಿ’ಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ಹಳೆಯ ಬೀರುವಿನಿಂದ ರಾತ್ರಿ ಹೊತ್ತು ನಡುಗುತ್ತ ಒಂದು ಕಾಗದದ ಸುರುಳಿ ತೆಗೆಯುತ್ತಾಳೆ. ಬೆಳಗಾದ ಮೇಲೆ ನೋಡಿದರೆ ಅದು ಬಟ್ಟೆ ಒಗೆತದ ಲೆಕ್ಕ! ಆಸ್ಟಿನ್ ನಗಿಸಲು ಬರೆದದ್ದು ನಿಜ. ಅರ್ಧ ಶತಮಾನದ ಬಳಿಕ ವಿಲ್ಕಿ ಕಾಲಿನ್ಸ್ ‘ಮೂನ್‌ಸ್ಟೋನ್’ನಲ್ಲಿ ಅದೇ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡ. 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ಕದ್ದೊಯ್ದ ವಜ್ರದ ಕಥೆ ಅದು. ಅಲ್ಲಿ ಸಾರ್ಜೆಂಟ್ ಕಫ್ ಕೇಳುವುದು ಮನೆಯ ಒಗೆತದ ಪುಸ್ತಕವನ್ನು. ಬಣ್ಣ ಮೆತ್ತಿದ ರಾತ್ರಿಯಂಗಿಯನ್ನು ಬಚ್ಚಿಟ್ಟವಳು ಮನೆಗೆಲಸದ ರೊಸಾನಾ.

ಇಂದಿನವರಲ್ಲಿ ಸ್ಟೆಫನಿ ಬ್ಯಾರನ್ 1996ರಿಂದ ಆಸ್ಟಿನ್‌ಳನ್ನೇ ಪತ್ತೇದಾರಳನ್ನಾಗಿ ಮಾಡಿ, ಸಿಕ್ಕಿದ ದಿನಚರಿಗಳ ಸಂಪಾದನೆಯೆಂಬ ಸೋಗಿನಲ್ಲಿ ಬರೆದರು. ಜಾಣತನವಿದೆ, ಆದರೆ ದೊಡ್ಡಮನೆಯ ಚೌಕಟ್ಟು ಅಲ್ಲಿ ಗಟ್ಟಿ. ಆಂಡ್ರಿಯಾ ಪೆನ್‌ರೋಸ್ 2017ರಲ್ಲಿ ಆರಂಭಿಸಿದ ಮಾಲೆಯ ಶಾರ್ಲಟ್ ಸ್ಲೋನ್ ನನಗೆ ಹೆಚ್ಚು ಒಪ್ಪಿಗೆ. ಅವಳು ವಿಧವೆ, ಗುಪ್ತನಾಮದಲ್ಲಿ ವ್ಯಂಗ್ಯಚಿತ್ರ ಬರೆದು ಹೊಟ್ಟೆ ಹೊರೆಯುತ್ತಾಳೆ, ಸುದ್ದಿ ತರುವವರು ಇಬ್ಬರು ಬೀದಿ ಹುಡುಗರು. ವಿಧವೆಯನ್ನು ಆರಿಸಿದ್ದು ಸರಿಯಾದ ಲೆಕ್ಕಾಚಾರ. ಮದುವೆಯಾದವಳ ದುಡಿಮೆ ಅಂದಿನ ಕಾನೂನಿನಲ್ಲಿ ಗಂಡನದು. ಮಾನಸ್ಥ ಮನೆಯ ಕನ್ಯೆ ಒಬ್ಬಳೇ ಬೀದಿಗಿಳಿದರೆ ಊರೆಲ್ಲ ಮಾತು.

ಇಂಥ ಕಾದಂಬರಿಗಳನ್ನು ಕೈಗೆತ್ತಿಕೊಳ್ಳುವಾಗ ಗೌನು, ಕುಣಿತ, ಸಾರೋಟುಗಳ ವೈಭವವನ್ನು ಬೇಗ ದಾಟಿಬಿಡಿ. ಅಡುಗೆಮನೆಯ ಹೆಂಗಸಿಗೆ ಹೆಸರಿದೆಯೇ, ಅವಳ ಮಾತಿನಿಂದ ಕಥೆ ತಿರುಗುತ್ತದೆಯೇ ಎಂದು ನೋಡಿ. ಕನ್ನಡದಲ್ಲಿ ಚಾರಿತ್ರಿಕ ಪತ್ತೇದಾರಿ ಬರೆಯಲು ಹೊರಟಿರುವ ಕಿರಿಯರು ಇಲ್ಲಿದ್ದರೆ ನನ್ನದೊಂದು ಕೋರಿಕೆ: ನಿಮ್ಮ ಪತ್ತೇದಾರಳನ್ನು ದಯವಿಟ್ಟು ಅರಮನೆಯಲ್ಲಿ ಹುಡುಕಬೇಡಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆಯಿರಿ.