ಗುಂಪಿನ ಸುದ್ದಿ ಹೊತ್ತಿಗೆ ಸರಿಯಾಗಿ ಬರಬೇಕಾದರೆ

(ಸಿರುಗುಪ್ಪ, ಕುರುಗೋಡು ಭಾಗದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಇವತ್ತು ನಾನು ಗೊಬ್ಬರದ ವಿಷಯವನ್ನಾಗಲಿ, ಬೀಜೋಪಚಾರದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ನಿಮ್ಮ ಅಂಗಿಯ ಜೇಬಿನಲ್ಲಿರುವ ಫೋನಿನ ವಿಷಯ ಹೇಳಬೇಕಾಗಿದೆ. ಕೃಷಿ ಡಿಪ್ಲೊಮಾದಲ್ಲಿ ನನಗೆ ಮಣ್ಣು, ಕೀಟ, ಗೊಬ್ಬರಗಳನ್ನು ಕಲಿಸಿದರೇ ಹೊರತು ಫೋನಿನ ಟವರನ್ನು ಕಲಿಸಲಿಲ್ಲ. ಆದರೂ ಅದನ್ನು ಕಲಿಯದೆ ಗತಿಯಿಲ್ಲವೆಂದು 2024ರ ಆಗಸ್ಟ್ ತಿಂಗಳಲ್ಲಿ ನನಗೆ ಮನವರಿಕೆಯಾಯಿತು.

ಆ ತಿಂಗಳ 10ನೆಯ ತಾರೀಖು, ಶನಿವಾರ ರಾತ್ರಿ, ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದುದು ನಿಮಗೆ ನೆನಪಿರಬೇಕು. ಅಣೆಕಟ್ಟಿನ ಮೇಲಿನ ಭಾರ ಇಳಿಸುವುದಕ್ಕಾಗಿ ಉಳಿದ ಗೇಟುಗಳಿಂದಲೂ ಹೊಳೆಗೆ ನೀರು ಬಿಡಬೇಕಾಯಿತು. ಜುಲೈ ಕೊನೆಯ ನೀರು ಇಳಿಯಿತೆಂದು ನಮ್ಮ ದಂಡೆಯ ರೈತರು ಕೆಲವರು ಮೋಟರುಗಳನ್ನು ಆಗಲೇ ಮತ್ತೆ ಕೆಳಗಿಳಿಸಿದ್ದರು. ಭಾನುವಾರ ನಸುಕಿನಲ್ಲಿ ನಾನು ದಂಡೆಯ ರೈತರ ವಾಟ್ಸ್ಯಾಪ್ ಗುಂಪಿಗೆ, “ಹೊಳೆಗೆ ನೀರು ಹೆಚ್ಚುತ್ತದೆ, ಮೋಟರು ಮೇಲಕ್ಕೆ ಎಳೆದುಕೊಳ್ಳಿರಿ” ಎಂದು ಬರೆದು ಹಾಕಿದೆ. ನನ್ನ ಕೆಲಸ ಮುಗಿಯಿತೆಂದು ಚಹಾ ಕುಡಿಯಲು ಹೋದೆ.

ಮುಗಿದಿರಲಿಲ್ಲ. ಮಂಗಳವಾರ ಆ ಊರಿಗೆ ಹೋದಾಗ ಒಬ್ಬ ಹಿರಿಯರು ಒದ್ದೆ ಮೋಟರನ್ನು ರಿವೈಂಡಿಂಗಿಗೆ ಸಿರುಗುಪ್ಪಕ್ಕೆ ಒಯ್ಯಲು ಗಾಡಿಗೆ ಏರಿಸುತ್ತಿದ್ದರು. “ನೋಡು ತಮ್ಮಾ, ನೀರು ಆದಿತ್ವಾರ ರಾತ್ರೀನ ಬಂತು. ನಿನ್ನ ಸುದ್ದಿ ಸೋಮವಾರ ಸಂಜೀಗೆ ಬಂತು” ಎಂದರು. ಬೈದಿದ್ದರೆ ಸಹಿಸಬಹುದಿತ್ತು, ಅವರು ಬೈಯಲಿಲ್ಲ. ಅವರ ಹೊಲದ ಪಕ್ಕದವನಿಗೆ ಅದೇ ಸುದ್ದಿ ಭಾನುವಾರ ಬೆಳಿಗ್ಗೆಯೇ ಮುಟ್ಟಿತ್ತು, ಅವನ ಮೋಟರು ಉಳಿಯಿತು. ಒಂದೇ ಗುಂಪು, ಒಂದೇ ಸುದ್ದಿ, ಪಕ್ಕಪಕ್ಕದ ಹೊಲ. ಇಬ್ಬರ ಸಿಮ್ ಮಾತ್ರ ಬೇರೆ ಬೇರೆ ಕಂಪನಿಯದು.

ಆಗ ನಾನು ಇದರ ಮೂಲವನ್ನು ಹುಡುಕಿದೆ. ಜನರು ಗುಂಪು ಕಟ್ಟಿಕೊಂಡು ಯಂತ್ರದ ಮೂಲಕ ಸುದ್ದಿ ಹಂಚಿಕೊಳ್ಳುವುದು ವಾಟ್ಸ್ಯಾಪಿಗಿಂತ ಬಹಳ ಹಳೆಯದು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಏರ್ಪಾಡನ್ನು ಯೋಚಿಸಿದರು. ಮರುವರ್ಷ ಅದು ನಡೆಯತೊಡಗಿತು. ಅದರಲ್ಲಿ ವಿಷಯಕ್ಕೊಂದು ಸುದ್ದಿಗುಂಪು. ಒಬ್ಬನು ಬರೆದುದನ್ನು ಅವನ ಊರಿನ ಯಂತ್ರ ಇಟ್ಟುಕೊಂಡು ಪಕ್ಕದ ಯಂತ್ರಕ್ಕೆ ದಾಟಿಸುತ್ತಿತ್ತು, ಅದು ಮುಂದಿನದಕ್ಕೆ. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಆರಂಭಿಸಿದ ಕಾಲಕ್ಕೆ ಹೊರದೇಶಗಳಲ್ಲಿ ಈ ಸುದ್ದಿಗುಂಪುಗಳು ಬಹು ಬಳಕೆಯಲ್ಲಿದ್ದವು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪ್ರತಿಯೊಂದು ಇಂಟರ್ನೆಟ್ ಕಂಪನಿಯೂ ಸುದ್ದಿಗಳ ಪ್ರತಿಯನ್ನು ತನ್ನ ಯಂತ್ರದಲ್ಲೇ ಇಟ್ಟುಕೊಳ್ಳಬೇಕಾಗಿತ್ತು. ಆದುದರಿಂದ ಗಿರಾಕಿಗಳು ಕಂಪನಿಯನ್ನು ತೂಗಿ ನೋಡುವುದನ್ನು ಕಲಿತರು. ಬರೆದ ಸುದ್ದಿ ಎಷ್ಟು ಹೊತ್ತಿಗೆ ಹರಡುತ್ತದೆ? ಪೂರ್ತಿಯಾಗಿ ಬರುತ್ತದೆಯೇ? ಎಷ್ಟು ದಿನ ಇಟ್ಟಿರುತ್ತಾರೆ? ಕಸದ ಸುದ್ದಿಯನ್ನು ಸೋಸುತ್ತಾರೆಯೇ? ಕೆಲವು ಕಂಪನಿಗಳಲ್ಲಿ ಸುದ್ದಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತಿತ್ತು. ದೊಡ್ಡ ಕಡತಗಳನ್ನು ತುಂಡು ತುಂಡಾಗಿ ಕಳಿಸುತ್ತಿದ್ದುದರಿಂದ ಒಂದು ತುಂಡು ತಪ್ಪಿದರೂ ಉಳಿದವು ಉಪಯೋಗಕ್ಕೆ ಬರುತ್ತಿರಲಿಲ್ಲ. ಕಡತಗಳ ರಾಶಿ ಬೆಳೆದಂತೆ ಖರ್ಚೂ ಬೆಳೆಯಿತು, ಬಳಸುವವರು ಕಡಿಮೆಯಾದರು. 2005ರಲ್ಲಿ ಎಒಎಲ್, 2009ರಲ್ಲಿ ಎಟಿ ಅಂಡ್ ಟಿ ಕಂಪನಿಗಳು ಈ ಸೇವೆಯನ್ನು ಕೈಬಿಟ್ಟವು. ಹುಟ್ಟಿದ ಮನೆಯಾದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಯಂತ್ರವನ್ನು ನಿಲ್ಲಿಸಿತು.

ಈಗ ಸುದ್ದಿಯನ್ನು ಇಟ್ಟುಕೊಳ್ಳುವವನು ಬೇರೆ, ಸಾಗಿಸುವವನು ಬೇರೆ. ವಾಟ್ಸ್ಯಾಪಿನ ಸುದ್ದಿ ನಿಮ್ಮ ಫೋನಿಗೆ ಮುಟ್ಟುವ ತನಕ ವಾಟ್ಸ್ಯಾಪಿನವರ ಯಂತ್ರದಲ್ಲಿ ಕಾದಿರುತ್ತದೆ. 30 ದಿನ ಕಳೆದರೂ ಮುಟ್ಟದಿದ್ದರೆ ಅಳಿಸಿಹೋಗುತ್ತದೆ. ನಿಮ್ಮ ಸಿಮ್ ಕಂಪನಿಯದು ಸಾಗಿಸುವ ಕೆಲಸ ಮಾತ್ರ. ನಮ್ಮ ಕಾಲುವೆಯನ್ನೇ ನೋಡಿರಿ. ಜಲಾಶಯದಲ್ಲಿ ನೀರಿರುತ್ತದೆ, ತಲೆಭಾಗದ ತೂಬಿನಲ್ಲಿ ಲೆಕ್ಕವೂ ಸರಿಯಿರುತ್ತದೆ. ಆದರೆ ಕೊನೆಭಾಗದ ರೈತನ ಮಡಿಗೆ ಹನಿ ಬಂದಿರುವುದಿಲ್ಲ. ಬಳ್ಳಾರಿಯ ಅಂಗಡಿಯಲ್ಲಿ ಸಿಮ್ ಕೊಂಡಾಗ ಫೋನಿನ ತುಂಬ ಸಿಗ್ನಲ್ ಕಡ್ಡಿಗಳು ನಿಂತಿರುತ್ತವೆ. ಅದು ತಲೆಭಾಗ. ನಮ್ಮ ದಂಡೆಯ ಹೊಲಗಳು ಕೊನೆಭಾಗ. ರೊಕ್ಕ ಮಾತ್ರ ಇಬ್ಬರಿಂದಲೂ ಒಂದೇ!

ಹಳೆಯ ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆಗಳು ನಮಗೂ ಬೇಕು. ಹೊತ್ತಿಗೆ ಬರುವ ಮಾತು ಹೇಳಿದ್ದಾಯಿತು. ಪೂರ್ತಿಯಾಗಿ ಬರುವುದೂ ಅಷ್ಟೇ ಮುಖ್ಯ. 2021ರಲ್ಲಿ ಮೆಣಸಿನಕಾಯಿಗೆ ಕಪ್ಪು ಥ್ರಿಪ್ಸ್ ಬಿದ್ದಾಗ ಹೂವಿನೊಳಗೆ ಹುಳು ಹೇಗೆ ಕಾಣುತ್ತದೆಂದು ನೋಡಿಯೇ ತಿಳಿಯಬೇಕಾಗಿತ್ತು. ಅಂಥ ಹೊತ್ತಿನಲ್ಲಿ ಬರಹ ಬಂದು ಚಿತ್ರ ಮಸುಕಾಗಿಯೇ ಉಳಿದರೆ ಏನು ಪ್ರಯೋಜನ? ಚಿತ್ರವನ್ನು ಬಹಳ ದಿನ ಇಳಿಸಿಕೊಳ್ಳದೆ ಬಿಟ್ಟರೆ ಆಮೇಲೆ ಸಿಗದೆಯೂ ಹೋಗಬಹುದು. ಔಷಧಿಯ ಹೆಸರು, ಪ್ರಮಾಣಗಳನ್ನು ಬಂದ ದಿನವೇ ಪುಸ್ತಕದಲ್ಲಿ ಬರೆದಿಡಿರಿ. ಕಸ ಸೋಸುವ ಕೆಲಸವನ್ನು ಈಗ ಯಾವ ಕಂಪನಿಯೂ ನಮಗಾಗಿ ಮಾಡುವುದಿಲ್ಲ, ಗುಂಪಿನ ಯಜಮಾನನೇ ಮಾಡಬೇಕು. ಬೆಳಿಗ್ಗೆ ಎದ್ದೊಡನೆ ಬರುವ ಹೂವಿನ ಚಿತ್ರಗಳ ಅಡಿಯಲ್ಲಿ ನೀರಿನ ಸುದ್ದಿ ಹೂತುಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೇಸರಪಡಬೇಡಿರಿ, ನೀರಿನ ಸುದ್ದಿಗೆ ಬೇರೆಯೇ ಒಂದು ಗುಂಪು ಮಾಡಿ, ಅದರಲ್ಲಿ ಹಬ್ಬದ ಶುಭಾಶಯವನ್ನು ಸಹ ಹಾಕಬೇಡಿರಿ.

ಇನ್ನು ತಪ್ಪು ಎಲ್ಲಿದೆ ಎಂದು ಪತ್ತೆಮಾಡುವ ಬಗೆ. ಇದು ಬಹಳ ಸುಲಭ, ಆದರೆ ನಮ್ಮಲ್ಲಿ ಮಾಡುವವರು ಕಡಿಮೆ. ನೀವು ಸುದ್ದಿ ಹಾಕಿದಾಗ ಅದರ ಮುಂದೆ ಗಡಿಯಾರದ ಗುರುತು ನಿಂತಿದ್ದರೆ ಅದು ನಿಮ್ಮ ಫೋನನ್ನೇ ಬಿಟ್ಟಿಲ್ಲ. ಒಂದು ಟಿಕ್ ಬಿದ್ದರೆ ವಾಟ್ಸ್ಯಾಪಿನ ಯಂತ್ರಕ್ಕೆ ಮುಟ್ಟಿದೆ. ಗುಂಪಿನಲ್ಲಿ ಎರಡನೆಯ ಟಿಕ್ ಬೀಳುವುದು ಎಲ್ಲರಿಗೂ ಮುಟ್ಟಿದ ಮೇಲೆಯೇ. ನೀವು ಹಾಕಿದ ಸುದ್ದಿಯನ್ನು ಬೆರಳಿನಿಂದ ಒತ್ತಿ ಹಿಡಿದು ‘ಇನ್ಫೋ’ ಎಂಬುದನ್ನು ತೆಗೆದರೆ, ಯಾರಿಗೆ ಮುಟ್ಟಿದೆ, ಯಾರು ಓದಿದ್ದಾರೆ ಎಂಬ ಪಟ್ಟಿಯೇ ಕಾಣುತ್ತದೆ. ಆ ಭಾನುವಾರ ನಾನು ಚಹಾ ಕುಡಿದು ಬಂದು ಈ ಪಟ್ಟಿಯನ್ನು ಒಮ್ಮೆ ನೋಡಿದ್ದರೆ, ಮುಟ್ಟದವರಿಗೆ ಫೋನ್ ಮಾಡಿ ಹೇಳಬಹುದಿತ್ತು, ಅಥವಾ ಸೈಕಲ್ ಮೋಟರ್ ಹತ್ತಿ ಹೋಗಬಹುದಿತ್ತು. ಆ ತಪ್ಪು ಕಂಪನಿಯದಲ್ಲ, ನನ್ನದು.

ಮುಟ್ಟದ್ದೆಲ್ಲ ಕಂಪನಿಯ ದೋಷವೂ ಅಲ್ಲ. ಡೇಟಾ ಉಳಿಸಲೆಂದು ನೆಟ್ ಆರಿಸಿಟ್ಟು ಮಲಗುವವರಿದ್ದಾರೆ. ದಿನದ ಪ್ಯಾಕು ಮಧ್ಯಾಹ್ನಕ್ಕೇ ತೀರಿಸಿದ ಹುಡುಗರಿದ್ದಾರೆ. ಬ್ಯಾಟರಿ ಉಳಿಸುವ ಏರ್ಪಾಡನ್ನು ಹಾಕಿಟ್ಟರೆ ಕೆಲವು ಫೋನುಗಳಲ್ಲಿ ಪರದೆ ತೆರೆದಾಗಲೇ ಸುದ್ದಿ ಇಳಿಯುತ್ತದೆ. ಇವನ್ನು ಮೊದಲು ನೋಡಿಕೊಳ್ಳಿರಿ. ಇವೆಲ್ಲ ಸರಿಯಿದ್ದೂ ಒಂದೇ ಕಂಪನಿಯ ಸಿಮ್ಮಿನವರಿಗೆ, ಒಂದೇ ಜಾಗದಲ್ಲಿ, ದಿನದ ಒಂದೇ ಹೊತ್ತಿನಲ್ಲಿ ಸುದ್ದಿ ತಡೆದರೆ ಆಗ ಕಂಪನಿಯನ್ನು ಕೇಳಿರಿ. ರಾತ್ರಿ ಎಂಟರ ಸುಮಾರಿಗೆ ತಡೆದರೆ ಎಲ್ಲರೂ ಒಟ್ಟಿಗೆ ತೂಬು ಎತ್ತಿದಂತೆ ಟವರಿನ ಮೇಲೆ ಭಾರ ಬಿದ್ದಿರಬಹುದು. ಕರೆಂಟು ಹೋದ ಸ್ವಲ್ಪ ಹೊತ್ತಿಗೇ ತಡೆದರೆ ಟವರಿನ ಬ್ಯಾಟರಿ ಸೋತಿರಬಹುದು. ಈ ಹೊತ್ತು, ಜಾಗಗಳನ್ನು ಬರೆದಿಟ್ಟವನ ದೂರಿಗೆ ಬೆಲೆ ಬರುತ್ತದೆ. “ನೆಟ್ ಸರಿಯಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತು ಹೇಳಿದರೆ ಕಟ್ಟೆಗೆ ಮಾತ್ರ ಕೇಳಿಸುತ್ತದೆ.

ದೂರು ಕೊಡುವುದಕ್ಕೆ 198 ಎಂಬ ಸಂಖ್ಯೆಗೆ ಫೋನ್ ಮಾಡಿರಿ, ಹಣ ಬೀಳುವುದಿಲ್ಲ. ದೂರಿಗೆ ಒಂದು ನಂಬರು ಕೊಡುತ್ತಾರೆ, ಅದನ್ನು ಬಿಡದೆ ಕೇಳಿ ಬರೆದುಕೊಳ್ಳಿರಿ. ಸಾಲದ ರಸೀದಿಯಷ್ಟೇ ಜೋಪಾನ ಮಾಡಿರಿ. ಅವರು ಕೊಟ್ಟ ಪರಿಹಾರ ಸಮಾಧಾನವಾಗದಿದ್ದರೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಅಧಿಕಾರಿ ಎಂಬುವರಿದ್ದಾರೆ. 30 ದಿನಗಳೊಳಗೆ ಅವರಿಗೆ ಬರೆಯಬೇಕು, ಅವರು 39 ದಿನಗಳೊಳಗೆ ತೀರ್ಮಾನ ಕೊಡಬೇಕು. ಟ್ರಾಯ್ ಎಂಬ ಪ್ರಾಧಿಕಾರವು ಕಂಪನಿಗಳಿಗೆ ನಿಯಮ ಮಾಡುತ್ತದೆ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ಅಲ್ಲಿಗೆ ಬರೆದು ಕಾಯುತ್ತ ಕೂಡಬೇಡಿರಿ. ಅದರ 2024ರ ನಿಯಮದ ಪ್ರಕಾರ ತನ್ನ ಸಿಗ್ನಲ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ತೋರಿಸಬೇಕು. ನಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಬಣ್ಣ ಬಳಿದಿದ್ದು ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ, ದೂರಿನಲ್ಲಿ ಆ ಮಾತನ್ನೇ ಬರೆಯಿರಿ.

ಕಂಪನಿ ಬದಲಿಸುವುದೂ ಸಾಧ್ಯ. ಒಂದು ಕಂಪನಿಯಲ್ಲಿ 90 ದಿನ ಕಳೆದ ಮೇಲೆ ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಕಳಿಸಿದರೆ ನಂಬರು ಅದೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಹುದು. ಆದರೆ ಅಂಗಡಿಯವನ ಮಾತಿಗೆ ಮರುಳಾಗಿ ಹೋಗಬೇಡಿರಿ. ಎತ್ತು ಕೊಳ್ಳುವಾಗ ನೊಗ ಹೂಡಿ ನೋಡುವುದಿಲ್ಲವೇ? ಹಾಗೆಯೇ ಅಕ್ಕಪಕ್ಕದವರ ಫೋನುಗಳನ್ನು ನಿಮ್ಮ ಮೋಟರಿನ ಬಳಿಗೆ ಒಯ್ದು, ನಸುಕಿನಲ್ಲೊಮ್ಮೆ ರಾತ್ರಿಯೊಮ್ಮೆ ನೋಡಿ, ಅಲ್ಲಿ ನಡೆಯುವ ಸಿಮ್ಮನ್ನೇ ಕೊಳ್ಳಿರಿ.

ಹಾಗೆಂದು ಡಂಗುರವನ್ನು ಬಿಡಬೇಡಿರಿ. ಗುಡಿಯ ಮೈಕನ್ನೂ ಬಿಡಬೇಡಿರಿ. ನೆಟ್ ಇಲ್ಲದ ಕಡೆಗೂ ಸಾದಾ ಎಸ್ಸೆಮ್ಮೆಸ್ ಹೋಗುವುದುಂಟು; ಹೊಳೆಯ ಸುದ್ದಿಯನ್ನು ನಾನು ಈಗ ಗುಂಪಿಗೂ ಹಾಕಿ, ದಂಡೆಯವರಿಗೆ ಎಸ್ಸೆಮ್ಮೆಸ್ಸನ್ನೂ ಕಳಿಸುತ್ತೇನೆ.

ಮುಂದಿನ ಸೋಮವಾರ ನಸುಕಿನ ಐದೂವರೆಗೆ ಗುಂಪಿಗೆ “ಬಂತೆ?” ಎಂಬ ಒಂದೇ ಮಾತು ಹಾಕುತ್ತೇನೆ. ರಾತ್ರಿ ಎಂಟಕ್ಕೆ ಮತ್ತೊಮ್ಮೆ, ಒಂದು ಚಿತ್ರದ ಜೊತೆ. ಬಂದ ಹೊತ್ತನ್ನೂ, ಆಗ ನೀವಿದ್ದ ಜಾಗವನ್ನೂ, ಸಿಮ್ ಕಂಪನಿಯನ್ನೂ ಒಂದು ಚೀಟಿಯಲ್ಲಿ ಬರೆದಿಡಿರಿ. ಬಾರದಿದ್ದರೆ ಬರಲಿಲ್ಲವೆಂದೇ ಬರೆಯಿರಿ. ಬುಧವಾರ ನಾನು ಊರೂರಿಗೆ ಬಂದು ಚೀಟಿಗಳನ್ನು ಕೂಡಿಸಿಕೊಳ್ಳುತ್ತೇನೆ; ಒಂದೇ ಕಂಪನಿಯ ಚೀಟಿಗಳನ್ನು ಒಟ್ಟು ಮಾಡಿ ಅಲ್ಲಿಯೇ ಕುಳಿತು 198ಕ್ಕೆ ಫೋನ್ ಮಾಡೋಣ.