ಗಲ್ಲಾದ ಲೆಕ್ಕ, ಸಂಘದ ಲೆಕ್ಕ

(ಫೋರ್ಟಿನಲ್ಲಿ ಸೇರಿದ ಕಾಮಗಾರರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಮುಚ್ಚಿ, ನೆಲ ತೊಳೆದು, ಕೈಯೊರಸಿಕೊಂಡು ಈ ಹೊತ್ತಿನಲ್ಲಿ ಬೋರಾಬಜಾರಿನ ಮೆಟ್ಟಲು ಹತ್ತಿ ಬಂದಿದ್ದೀರಿ. ಪಗಾರದ ಮಾತೋ ರಜೆಯ ಮಾತೋ ಆಗಿದ್ದರೆ ಕೇಳಲು ಹುರುಪಿರುತ್ತಿತ್ತು. ನಾವು ಹೇಳಹೊರಟದ್ದು ಲೆಕ್ಕಪತ್ರದ ವಿಷಯ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ನಾವೂ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದವರೇ. ಲೆಕ್ಕ ಕಲಿತದ್ದು ಗಲ್ಲಾಪೆಟ್ಟಿಗೆಯ ಎದುರು, ಅದೂ ಪೆಟ್ಟು ತಿಂದು.

ಇಲ್ಲೇ ಫೋರ್ಟಿನ ಒಂದು ಹೋಟೆಲಿನಲ್ಲಿ ನಾವು ಸಪ್ಲಾಯರ್ ಆಗಿದ್ದಾಗಿನ ಮಾತು. ಒಂದು ಮಧ್ಯಾಹ್ನ ಮ್ಯಾನೇಜರರು ಊಟಕ್ಕೇಳುತ್ತಾ, ‘ಮಾಣಿ, ಅರ್ಧ ಗಂಟೆ ಗಲ್ಲಾ ನೋಡಿಕೋ’ ಎಂದರು. ದೊಡ್ಡ ಮರ್ಯಾದೆ ಸಿಕ್ಕಿತೆಂದು ಹಿಗ್ಗಿ ಕುಳಿತೆವು. ರಾತ್ರಿ ಎಣಿಸಿದಾಗ 740 ರೂಪಾಯಿ ಕಡಿಮೆ! ಅಂದು ಆ ಪೆಟ್ಟಿಗೆಗೆ ಕೈಹಾಕಿದವರು ಮೂವರು: ಮ್ಯಾನೇಜರರು, ಮಾಲಕರ ಅಳಿಯ, ಮತ್ತು ನಾವು. ಪಗಾರದಲ್ಲಿ ಮುರಿದುಕೊಂಡದ್ದು ನಮ್ಮದು ಮಾತ್ರ. ಹಣ ಯಾರಾದರೂ ತೆಗೆದರೋ, ಹಾಲಿನವನಿಗೆ ಕೊಟ್ಟದ್ದನ್ನು ಬರೆಯಲು ಮರೆತರೋ, ಇವತ್ತಿಗೂ ತಿಳಿಯದು. ನಾವು ಕುಳಿತಾಗ ಎಷ್ಟಿತ್ತು, ಎದ್ದಾಗ ಎಷ್ಟಿತ್ತು ಎಂದು ಯಾರೂ ಎಣಿಸಿರಲಿಲ್ಲ. ಎಣಿಸಿ, ಒಂದು ಚೀಟಿಯಲ್ಲಿ ಬರೆದು, ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕುವುದು ಐದು ನಿಮಿಷದ ಕೆಲಸ. ಅದು ನಡೆಯದೆ ಆರು ತಿಂಗಳು ಕಳ್ಳನೆಂಬ ಹೆಸರು ಹೊತ್ತೆವು.

ಇದು ಉಡುಪಿ ಹೋಟೆಲಿಗೆ ಮಾತ್ರ ಬಂದ ಕಷ್ಟವೆಂದು ತಿಳಿಯಬೇಡಿ. ಅಮೇರಿಕದ ಡೇಟನ್ ಎಂಬ ಊರಿನಲ್ಲಿ ಜೇಮ್ಸ್ ರಿಟ್ಟಿ ಎಂಬವನು ಶರಾಬಿನ ಅಂಗಡಿ ಇಟ್ಟಿದ್ದ. ಗಿರಾಕಿ ತುಂಬಿದರೂ ಗಲ್ಲಾ ತುಂಬುತ್ತಿರಲಿಲ್ಲ. ಒಮ್ಮೆ ಹಡಗಿನಲ್ಲಿ ಹೋಗುವಾಗ ಅದರ ರೆಕ್ಕೆ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರವನ್ನು ಕಂಡು, ಊರಿಗೆ ಮರಳಿ, 1879ರಲ್ಲಿ ಸೋದರನೊಡನೆ ಸೇರಿ ಗಲ್ಲಾಯಂತ್ರಕ್ಕೆ ಪೇಟೆಂಟು ಪಡೆದ. ಒತ್ತಿದ ಮೊತ್ತ ಗಿರಾಕಿಯ ಕಣ್ಣಿಗೂ ಬೀಳಬೇಕು ಎಂಬುದೇ ಅದರ ಗುಟ್ಟು. ಅವನು ಅದನ್ನು ಮಾಡಿದ್ದು ಕೆಲಸದವರ ಮೇಲಿನ ಸಂಶಯದಿಂದ, ನಿಜ. ಆದರೆ ಅಂಥದೊಂದು ಗುರುತು ಅಂದು ನಮ್ಮ ಗಲ್ಲಾದಲ್ಲಿ ಇದ್ದಿದ್ದರೆ ನಾವು ಬಚಾವಾಗುತ್ತಿದ್ದೆವು.

ಗಿರಣಿಯಿಂದ ಬಂದ ಹಿರಿಯರು ಜಾಬರನ ಕಾಲದ ಕತೆಗಳನ್ನು ನಮಗಿಂತ ಚೆನ್ನಾಗಿ ಬಲ್ಲರು. ಬದಲಿ ಕೆಲಸ ಬೇಕೆಂದರೆ ಜಾಬರನ ಕೈ ಬಿಸಿ ಮಾಡಬೇಕಿತ್ತು. 1935ರಲ್ಲಿ ಮುಂಬಯಿಯ ಗಿರಣಿ ಮಾಲಕರ ಸಂಘವು ಬದಲಿಯವರಿಗೆ ಕಾರ್ಡು ಕೊಟ್ಟು, ಖಾಲಿ ಜಾಗ ಬಿದ್ದರೆ ಮೊದಲು ಕಾರ್ಡಿನವರಿಗೇ ಕೆಲಸ ಎಂಬ ಪದ್ಧತಿ ತಂದಿತು. ಜಾಬರನ ದಸ್ತೂರಿ ಒಂದೇ ದಿನದಲ್ಲಿ ಸಾಯಲಿಲ್ಲ. ಆದರೂ ಒಬ್ಬನ ಬಾಯಿಮಾತಿನಲ್ಲಿದ್ದ ಅಧಿಕಾರದಲ್ಲಿ ಸ್ವಲ್ಪ ಕಾಗದಕ್ಕೆ ಇಳಿಯಿತು.

ಕಾಯದೆಯನ್ನೂ ತಿಳಿದಿರಿ. ಗಲ್ಲಾದ ನಷ್ಟವನ್ನು ಪಗಾರದಲ್ಲಿ ಮುರಿಯಬೇಕಾದರೆ, ಆ ಹಣದ ಲೆಕ್ಕ ಕೊಡುವ ಹೊಣೆ ಆ ಕೆಲಸಗಾರನದಾಗಿರಬೇಕು, ನಷ್ಟಕ್ಕೆ ಅವನ ತಪ್ಪೇ ನೇರ ಕಾರಣವಾಗಿರಬೇಕು, ಮೊದಲು ಅವನ ಮಾತು ಕೇಳಬೇಕು. 1936ರ ವೇತನ ಪಾವತಿ ಕಾಯದೆಯಲ್ಲೂ ಇದಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ನಮ್ಮ 740 ರೂಪಾಯಿಯ ದಿನ ಇದು ನಮಗೆ ಗೊತ್ತಿರಲಿಲ್ಲ. ಮಾಲಕರಿಗೆ ಗೊತ್ತಿತ್ತೋ ಏನೋ, ಹೇಳಲಿಲ್ಲ.

ಈಗ ಗಲ್ಲಾದ ಮೇಲೆ ಕ್ಯೂಆರ್ ಚಿತ್ರ ಅಂಟಿಸಿದ್ದಾರೆ. ಗಿರಾಕಿ ಬಿಲ್ಲಿನ ಮೇಲೆ ಇಪ್ಪತ್ತು ರೂಪಾಯಿ ಟಿಪ್ಸ್ ಸೇರಿಸಿ ಮೊಬೈಲಿನಲ್ಲಿ ಕೊಟ್ಟರೆ ಅದು ಮಾಲಕರ ಖಾತೆಗೆ ಸೇರುತ್ತದೆ. ಹಿಂದೆ ತಟ್ಟೆಯ ಅಡಿಯ ನಾಣ್ಯವಾದರೂ ನಮ್ಮ ಕೈಗೆ ಬರುತ್ತಿತ್ತು. ಜಗಳವಾಡಿ ಫಲವಿಲ್ಲ. ಬಿಲ್ಲಿಗಿಂತ ಹೆಚ್ಚು ಬಂದದ್ದನ್ನು ಬೇರೆ ವಹಿಯಲ್ಲಿ ದಿನವೂ ಬರೆಯಿರಿ, ವಾರಕ್ಕೊಮ್ಮೆ ಹಂಚಿರಿ ಎಂದು ಕೇಳೋಣ. ಸಪ್ಲಾಯರರು ಮಾತ್ರವಲ್ಲ, ಅಡಿಗೆ ಭಟ್ಟರು, ಕ್ಲೀನರು ಎಲ್ಲರಿಗೂ ಪಾಲು ಎಷ್ಟೆಂದು ಮೊದಲೇ ಗೊತ್ತಿರಲಿ.

ಮಾಲಕರ ಮಾತು ಸಾಕು. ನಮ್ಮ ಮನೆಯ ಮಾತಿಗೆ ಬರೋಣ. ಇದು ಹೇಳಲು ಕಷ್ಟ.

ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ಸಂಗಾತಿ ಆಸ್ಪತ್ರೆಯಲ್ಲಿ ತೀರಿಕೊಂಡ. ಮಸಣದಿಂದ ಬಂದ ಸಂಜೆಯೇ ಚಾದರ ಹಾಸಿ 11,000 ರೂಪಾಯಿ ಕೂಡಿಸಿದೆವು. ಊರಿಗೆ ಹೊರಟಿದ್ದ ಅವನ ಸಂಬಂಧಿಕನ ಕೈಗೆ, ವಿಟಿ ಸ್ಟೇಶನ್ನಿನಲ್ಲಿ, ಎಣಿಸಿ ಕೊಟ್ಟೆವು. ರಸೀದಿ ಕೇಳಲಿಲ್ಲ. ಅಳುತ್ತಿರುವವನ ಹತ್ತಿರ ಸಹಿ ಕೇಳುವುದು ಹೇಗೆ? ಒಂದು ವರ್ಷದ ಮೇಲೆ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಇದೇ ಮೆಟ್ಟಲು ಹತ್ತಿ ಬಂದರು. ‘ಸಂಘದವರು ಹಣ ಎತ್ತಿದ್ದಾರಂತೆ, ನಮಗೆ ಕೊಡಲಿಲ್ಲವಲ್ಲ ಅಣ್ಣಾ’ ಎಂದರು. ಕೊಟ್ಟಿದ್ದೇವೆ ಅಕ್ಕಾ ಎಂದೆವು. ಯಾರಿಗೆ, ಯಾವಾಗ, ಎಷ್ಟು ಎಂದು ತೋರಿಸಲು ನಮ್ಮಲ್ಲಿ ಒಂದು ತುಂಡು ಕಾಗದವಿರಲಿಲ್ಲ. ಆ ತಾಯಿ ಬೈಯಲಿಲ್ಲ, ಸುಮ್ಮನೆ ನೋಡಿ ಇಳಿದುಹೋದರು. ಆಮೇಲೆ ಐದಾರು ಮಂದಿ ಸೇರಿ ಮತ್ತೆ ಕೂಡಿಸಿ ಮನಿಆರ್ಡರು ಮಾಡಿದೆವು. ಆದರೆ ಅವರ ಮನಸ್ಸಿನಲ್ಲಿ ನಾವು ಮೊದಲ ಹಣ ತಿಂದವರೇ.

ನಂತರ ಕೆಲವು ಪದ್ಧತಿ ಹಾಕಿಕೊಂಡೆವು. ರಸೀದಿ ಪುಸ್ತಕಕ್ಕೆ ನಂಬರು. ಪುಸ್ತಕ ಯಾರ ಕೈಯಲ್ಲಿದೆಯೆಂದು ವಹಿಯಲ್ಲಿ ದಾಖಲೆ. ತಪ್ಪಿದ ರಸೀದಿಯನ್ನು ಹರಿದೆಸೆಯದೆ ಎರಡೂ ಪ್ರತಿ ಅಲ್ಲೇ ಅಂಟಿಸುವುದು. ಹಣ ಎತ್ತುವವರು ಒಬ್ಬರು, ವಹಿ ಬರೆಯುವವರು ಇನ್ನೊಬ್ಬರು. ಚೆಕ್ಕಿಗೆ ಎರಡು ಸಹಿ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಖಾಲಿ ಚೆಕ್ಕಿಗೆ ಸಹಿ ಮಾಡಿಟ್ಟು ಹೋಗುವ ಚಾಳಿ ನಮ್ಮಲ್ಲೂ ಇತ್ತು, ಅದನ್ನು ಬಿಟ್ಟೆವು. ಕೈಖರ್ಚಿಗೆ 2,000 ರೂಪಾಯಿ ಡಬ್ಬಿಯಲ್ಲಿ. ಯಾವಾಗ ತೆರೆದರೂ ಒಳಗಿನ ನಗದು ಮತ್ತು ಖರ್ಚಿನ ಚೀಟಿ ಕೂಡಿ 2,000ವೇ ಆಗಬೇಕು. ತಿಂಗಳ ಕೊನೆಗೆ ಬ್ಯಾಂಕಿನ ಪಾಸುಬುಕ್ಕಿಗೂ ನಮ್ಮ ವಹಿಗೂ ತಾಳೆ.

‘ನಮ್ಮ ಊರಿನವರೇ, ನಂಬಿಕೆ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಖಜಾಂಚಿಯ ಮೇಲೆ ನಂಬಿಕೆ ಇದೆ. ಇರುವುದರಿಂದಲೇ, ನಾಳೆ ಯಾರಾದರೂ ಅವರನ್ನು ಕೇಳಿದರೆ ತೋರಿಸಲು ಅವರ ಕೈಯಲ್ಲಿ ಏನಾದರೂ ಇರಬೇಕೆನ್ನುತ್ತೇವೆ.

ವಹಿಗಳನ್ನು ಖಜಾಂಚಿಯವರು ಮೇಜಿನ ಮೇಲೆ ಇಟ್ಟಿದ್ದಾರೆ. ತಪಾಸಣೆಗೆ ಕಾರ್ಯಕಾರಿ ಸಮಿತಿಯಲ್ಲಿಲ್ಲದ ಇಬ್ಬರು ಬೇಕು, ಗಿರಣಿಯ ಹಿರಿಯರೊಬ್ಬರು, ಹೋಟೆಲಿನವರೊಬ್ಬರು. ನಮ್ಮನ್ನು ಕರೆಯಬೇಡಿ, ಆ ಪುಟಗಳಲ್ಲಿ ನಮ್ಮ ಸಹಿ ಇದೆ. ಹೆಸರು ಕೊಡುವವರು ಕೈಯೆತ್ತಿರಿ, ಚಹಾ ಬರುವಷ್ಟರಲ್ಲಿ ಬರೆದುಕೊಳ್ಳುತ್ತೇವೆ.